ಒಂದೂಕಾಲು ಇಂಚು ಕೆಳಗೆ

ನನ್ನ ಗಾಲಿಕುರ್ಚಿಯ ಸೀಟು ನೆಲದಿಂದ ಇಪ್ಪತ್ತು ಇಂಚು ಎತ್ತರ. ನನ್ನ ಕಾರಿನ ಸೀಟು ಈಚಿನವರೆಗೆ ಇಪ್ಪತ್ತೊಂದು. ನಡುವಿನ ಆ ಒಂದು ಇಂಚನ್ನು ನಾನು ದಿನಕ್ಕೆ ಎರಡು ಸಲ ಹತ್ತಬೇಕಿತ್ತು. ಬೆಳಿಗ್ಗೆ ಯಡಿಯೂರಿನ ನಮ್ಮ ಮನೆಯ ಗೇಟಿನ ಮುಂದೆ, ಸಂಜೆ ನಾನು ಗಣಿತ ಕಲಿಸುವ ಬನಶಂಕರಿಯ ಹೈಸ್ಕೂಲಿನ ಅಂಗಳದಲ್ಲಿ. ಕುರ್ಚಿಯಿಂದ ಸೀಟಿಗೆ ಒಂದು ನುಣುಪಾದ ಹಲಗೆ ಹಾಕಿಕೊಂಡು, ಭಾರವನ್ನೆಲ್ಲ ತೋಳಿನ ಮೇಲೆ ಬಿಟ್ಟು, ಮೂರು ಎಳೆತದಲ್ಲಿ ಸೊಂಟವನ್ನು ಆಚೆ ಸಾಗಿಸುತ್ತೇನೆ. ಮೂರನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಕಾಲಿನ ಬಲ ಹೋಯಿತು. ಬ್ರೇಕು, ಆಕ್ಸಿಲರೇಟರು ಎರಡೂ ಕೈಗೆ ಸಿಗುವಂತೆ ಮಾಡಿಸಿಕೊಂಡ ಈ ಸಣ್ಣ ಪೆಟ್ರೋಲ್ ಕಾರನ್ನು ಹನ್ನೆರಡು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ.

ನಾನು ಸೀಟಿಗೆ ಬಂದಮೇಲೆ ಕುರ್ಚಿಯನ್ನು ಮಡಚಿ ಡಿಕ್ಕಿಗೆ ಹಾಕಲು ಒಬ್ಬರು ಬೇಕು. ಮನೆಯಲ್ಲಿ ಕೆಲಸದಾಕೆ ಹಾಕುತ್ತಾಳೆ, ಶಾಲೆಯಲ್ಲಿ ವಾಚ್‌ಮನ್ ಹಾಕುತ್ತಾರೆ. ಅದಕ್ಕೆ ನನಗೆ ಬೇಜಾರಿಲ್ಲ. ಕುರ್ಚಿಯನ್ನು ಯಾರು ಬೇಕಾದರೂ ಎತ್ತಲಿ, ನನ್ನನ್ನು ಎತ್ತಕೂಡದು. “ಇದ್ಯಾವ ಲಾಜಿಕ್ ಅಕ್ಕ? ಎರಡೂ ಹೆಲ್ಪೇ ಅಲ್ವಾ?” ಎಂದು ನನ್ನ ತಮ್ಮ ಎಷ್ಟೋ ಸಲ ಕೇಳಿದ್ದಾನೆ. ಲಾಜಿಕ್ಕನ್ನು ನಾನು ತರಗತಿಯಲ್ಲಿ ಸಾಕಷ್ಟು ಕೊಡುತ್ತೇನೆ, ಮನೆಯಲ್ಲೂ ಕೊಡಬೇಕೆಂದು ಯಾರೂ ಬರೆಸಿಕೊಂಡಿಲ್ಲ.

ಕಾರಣ ಹೇಳಲೇಬೇಕಾದರೆ ಅವನ ಮದುವೆಯ ದಿನವನ್ನೇ ಹೇಳಬೇಕು. ಜಯನಗರದ ಛತ್ರ, ಹದಿನಾಲ್ಕು ಮೆಟ್ಟಿಲು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ನಾಲ್ಕು ಜನ “ಹುಷಾರು, ಹುಷಾರು” ಎಂದು ಕೂಗುತ್ತ ನನ್ನನ್ನು ಕುರ್ಚಿಸಮೇತ ಎತ್ತಿಕೊಂಡು ಹೋಗಿ ವಾಲಗದವರ ಪಕ್ಕದಲ್ಲಿ ಇಳಿಸಿದರು. ಆಮೇಲೆ ಅವರು ಊಟಕ್ಕೆ ಹೋದರು, ಫೋಟೊಗೆ ಹೋದರು, ಎಲೆ ಅಡಿಕೆಗೆ ಹೋದರು. ಬಾತ್‌ರೂಮಿಗೆ ಎಂಟು ಮೆಟ್ಟಿಲು ಇಳಿಯಬೇಕಿತ್ತು. ಹತ್ತು ಗಂಟೆಯಿಂದ ಸಂಜೆ ನಾಲ್ಕರವರೆಗೆ ನಾನು ಒಂದು ಗುಟುಕು ನೀರು ಕುಡಿಯಲಿಲ್ಲ. ಮದುವೆ ಊಟ ಬಹಳ ಚೆನ್ನಾಗಿತ್ತಂತೆ. ಎತ್ತುವವರೆಲ್ಲ ಒಳ್ಳೆಯವರೇ, ಅದರಲ್ಲಿ ಅನುಮಾನ ಬೇಡ. ಆದರೆ ಅವರು ಎಲ್ಲಿ ಇಳಿಸುತ್ತಾರೋ ನಾನು ಅಲ್ಲೇ ಇರಬೇಕು.

ಕೆಲವು ತಿಂಗಳ ಹಿಂದೆ ಕಾರಿನ ಶಾಕ್ ಅಬ್ಸಾರ್ಬರುಗಳು ಎಣ್ಣೆ ಸೋರಲು ಶುರುಮಾಡಿದವು. ಯಡಿಯೂರಿನಿಂದ ಬನಶಂಕರಿಗೆ ಹೋಗುವಷ್ಟರಲ್ಲಿ ಎಷ್ಟು ಹಂಪುಗಳಿವೆ ಎಂಬುದು ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಒಂದೊಂದು ಹಂಪ್ ಇಳಿದಾಗಲೂ ಕಾರು ನಾಲ್ಕು ಸಲ ಕುಣಿಯುತ್ತಿತ್ತು. ಕಾಲೂರಿ ಕೂರುವವರಿಗೆ ಅದು ಬರೀ ಕಿರಿಕಿರಿ. ನನಗೆ ಹಾಗಲ್ಲ, ಮೈ ಕುಣಿದರೆ ಕೈ ಕುಣಿಯುತ್ತದೆ, ಕೈಯಲ್ಲಿ ಆಕ್ಸಿಲರೇಟರ್ ಇರುತ್ತದೆ. ಒಂದು ಬೆಳಿಗ್ಗೆ ಹೀಗೆ ಕುಣಿದ ಕಾರು ಮುಂದಿನ ಆಟೊಗೆ ಇನ್ನೇನು ಮುತ್ತಿಡಬೇಕು, ಅಷ್ಟರಲ್ಲಿ ಹೇಗೋ ನಿಲ್ಲಿಸಿದೆ. ಆಟೊದವನು ನನ್ನ ವಂಶಾವಳಿಯನ್ನೆಲ್ಲ ನೆನೆಸಿಕೊಂಡ. ತಪ್ಪು ನನ್ನದೇ ಆಗಿದ್ದರಿಂದ ಅವತ್ತು ತಿರುಗಿ ಬಯ್ಯಲಿಲ್ಲ.

ನನ್ನ ಕಾರಿನ ಮಾಡೆಲ್ ನಿಂತುಹೋಗಿ ವರ್ಷಗಳಾಗಿವೆ. ಬನಶಂಕರಿಯ ನನ್ನ ಖಾಯಂ ಮೆಕ್ಯಾನಿಕ್, ಐವತ್ತು ದಾಟಿದ ನಿಧಾನಸ್ಥ, ಕೆಳಗೆ ಬಗ್ಗಿ ನೋಡಿ ಹೇಳಿದ: “ಕಂಪನಿದು ಸಿಗಲ್ಲ ಮೇಡಂ. ಹೊರಗಡೆ ಮಾಲು ಹಾಕೋಣ. ಸ್ಪ್ರಿಂಗೂ ಸುಸ್ತಾಗಿದೆ, ನಾಲ್ಕೂ ಚೇಂಜ್ ಮಾಡ್ಬಿಡೋಣ. ನಂಗ್ ಬಿಡಿ.”

ಅವನಿಗೆ ಬಿಟ್ಟೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ತಪ್ಪೆಂದರೆ ಅದೊಂದೇ.

ಎರಡು ದಿನ ಬಿಟ್ಟು ಬೆಳಿಗ್ಗೆ ಎಂಟಕ್ಕೆ ಅವನೇ ಕಾರನ್ನು ಮನೆಗೆ ತಂದ. ಗೇಟಿನ ಹೊರಗೆ ನಿಲ್ಲಿಸಿ, ಮಗಳನ್ನು ಅಲಂಕಾರ ಮಾಡಿ ಕರೆತಂದವನ ಹಾಗೆ ಪಕ್ಕಕ್ಕೆ ಸರಿದು ನಿಂತ. “ನೋಡಿ ಮೇಡಂ, ಹೆಂಗ್ ನಿಂತಿದೆ! ಇನ್ ಯಾವ್ ಹಂಪೂ ತಾಗಲ್ಲ. ಮಳೇಲಿ ರೋಡಲ್ಲಿ ನೀರ್ ನಿಂತ್ರೂ ಭಯ ಇಲ್ಲ.” ತಮ್ಮ ಕಾಫಿ ಲೋಟ ಹಿಡಿದು ಹೊರಗೆ ಬಂದ. ಅವನ ಮುಖದಲ್ಲೂ ಅದೇ ಸಂತೋಷ.

ನಾನು ಬಾಗಿಲು ತೆಗೆದು ಹಲಗೆ ಹಾಕಿದೆ. ಹಲಗೆ ಜಾರುಬಂಡೆಯಾಗಿ ನಿಂತಿತ್ತು. ಒಮ್ಮೆ ಎಳೆದೆ, ವಾಪಸ್ ಕುರ್ಚಿಗೆ ಬಂದೆ. ಇನ್ನೊಮ್ಮೆ ಎಳೆದಾಗ ಬಲಭುಜ ಕಳಕ್ಕೆಂದಿತು. ಬ್ಯಾಗಿನಲ್ಲಿ ಟೇಪ್ ಇಟ್ಟುಕೊಂಡಿರುವುದು ನನ್ನ ಅಭ್ಯಾಸ. ಅಳೆದರೆ ಇಪ್ಪತ್ಮೂರು ಇಂಚು.

“ಏನ್ ಹಾಕಿದ್ದೀರಿ ಇದಕ್ಕೆ?”

“ಮುಂದೆ ಡೀಸೆಲ್ ಗಾಡಿ ಸ್ಪ್ರಿಂಗ್ ಮೇಡಂ. ಬಾಡಿ ಒಂದೇ ಅಲ್ವಾ, ಕರೆಕ್ಟಾಗಿ ಕೂರುತ್ತೆ. ಡೀಸೆಲ್ ಇಂಜಿನ್ ತೂಕ ಅಂತ ಅದು ಗಟ್ಟಿ ಇರುತ್ತೆ. ನಮ್ದು ಲೈಟ್ ಇಂಜಿನ್, ಅದಕ್ಕೇ ಮೂತಿ ಎತ್ಕೊಂಡಿದೆ. ಹಿಂದೆ ಲೆವೆಲ್ ಮಾಡೋಕೆ ಸ್ಪ್ರಿಂಗ್ ಸುತ್ತಿನ ಮಧ್ಯ ರಬ್ಬರ್ ಕೊಟ್ಟಿದೀನಿ.”

“ಎತ್ತರ ಮಾಡಿ ಅಂತ ಯಾರು ಹೇಳಿದ್ದು?”

ಅವನು ನನ್ನ ತಮ್ಮನ ಮುಖ ನೋಡಿದ. ಕಾರು ನನ್ನದು, ಓಡಿಸುವುದು ನಾನು. ಆದರೂ ಇಬ್ಬರು ಗಂಡಸರು ಫೋನಿನಲ್ಲಿ ಮಾತಾಡಿ ನನ್ನ ಕಾರಿನ ಎತ್ತರ ನಿಶ್ಚಯ ಮಾಡಿದ್ದರು.

“ತಳ ಉಜ್ತಾ ಇತ್ತಲ್ಲ ಅಕ್ಕ, ನಿಂಗ್ ಒಳ್ಳೇದಾಗ್ಲಿ ಅಂತಾನೇ ಹೇಳಿದ್ದು” ಎಂದ ತಮ್ಮ. “ಅದಕ್ಯಾಕ್ ಮುಖ ಊದಿಸ್ಕೊಂಡಿದೀಯ? ಬಾ, ನಾನ್ ಎತ್ತಿ ಕೂರಿಸ್ತೀನಿ. ಡೈಲಿ ನಾನೇ ಕೂರಿಸ್ತೀನಿ.”

“ಸಂಜೆ?”

“ಸ್ಕೂಲ್ ವಾಚ್‌ಮನ್‌ಗೆ ಹೇಳಿದ್ರಾಯ್ತು.”

ನನಗೆ ಮೈಯೆಲ್ಲ ಉರಿದುಹೋಯಿತು. ಐವತ್ನಾಲ್ಕು ವರ್ಷದ ಹೆಂಗಸನ್ನು ಶಾಲೆಯ ವಾಚ್‌ಮನ್ ದಿನಾ ಸಂಜೆ ಮಕ್ಕಳ ಮುಂದೆ ಎತ್ತಿ ಕಾರಿಗೆ ಹಾಕಬೇಕಂತೆ, ಹೇಳಿದರಾಯಿತಂತೆ. ಕುರ್ಚಿ ತಿರುಗಿಸಿ ನಮ್ಮ ಗೇಟಿನ ನಟ್ಟನಡುವೆ ತಂದು ನಿಲ್ಲಿಸಿ, ಎರಡೂ ಚಕ್ರದ ಬ್ರೇಕ್ ಹಾಕಿದೆ.

ನಮ್ಮಜ್ಜ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾವು ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇವೆ. ಗೇಟಿನೊಳಗೆ ತಮ್ಮನ ದೊಡ್ಡ ಗಾಡಿ, ಬಾಡಿಗೆಯವರ ಬೈಕುಗಳು. ಎಲ್ಲಕ್ಕೂ ಇರುವುದು ಅದೊಂದೇ ದಾರಿ.

“ಹಳೇ ಸ್ಪ್ರಿಂಗ್ ವಾಪಸ್ ಹಾಕೋವರ್ಗೂ ಇಲ್ಲಿಂದ ಒಂದ್ ಗಾಡೀನೂ ಆಚೆ ಹೋಗಲ್ಲ” ಎಂದೆ.

“ಅಕ್ಕ, ಎರಡಿಂಚಿಗೆ ಇಷ್ಟು ರಂಪಾನಾ?”

“ನಿಂಗದು ಎರಡಿಂಚು ಕಣೋ. ನಂಗದು ಮನೆ ಬಾಗಿಲು.”

ಬಾಡಿಗೆಯವರು ಬಾಲ್ಕನಿಗೆ ಬಂದು ನಿಂತರು. ಆಫೀಸಿಗೆ ಹೊರಟ ಇಬ್ಬರು “ಆಂಟಿ, ಸ್ವಲ್ಪ ಜಾಗ” ಎಂದು ಬಂದವರು ನನ್ನ ಮುಖ ನೋಡಿ ಬಸ್ಸಿಗೆ ಹೋದರು. ತಮ್ಮನಿಗೆ ಬಂದ ಸಿಟ್ಟಿಗೆ ನನ್ನನ್ನು ಕುರ್ಚಿಸಮೇತ ಪಕ್ಕಕ್ಕೆ ಎತ್ತಿಡಬಹುದಿತ್ತು. ಒಮ್ಮೆ ಕೈ ಮುಂದೆ ಮಾಡಿದ ಕೂಡ. ನಾನು ನೋಡಿದ ನೋಟಕ್ಕೆ ಕೈ ಜೇಬಿಗೆ ಹೋಯಿತು. ಮೆಕ್ಯಾನಿಕ್ ತಲೆ ಕೆರೆದುಕೊಳ್ಳುತ್ತ ಕಾರು ತೆಗೆದುಕೊಂಡು ಹೋದ. ಹಳೆಯದನ್ನೆಲ್ಲ ಮತ್ತೆ ಜೋಡಿಸಿ ತಂದಾಗ ಮೂರೂವರೆ. ಅಲ್ಲಿಯವರೆಗೆ ಶಾಲೆಗೆ ರಜೆ ಹಾಕಿ ಬಿಸಿಲಿನಲ್ಲೇ ಕೂತಿದ್ದೆ, ಚಿತ್ರಾನ್ನವನ್ನೂ ಅಲ್ಲೇ ತಿಂದೆ.

ಮರುದಿನದಿಂದ ಹುಡುಕುವ ಕೆಲಸ ನನ್ನದೇ ಆಯಿತು. ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಮೆಟ್ಟಿಲುಗಳಿವೆ. ನಾನು ರಸ್ತೆಯಲ್ಲೇ ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದೆ. ಬಂದವರೆಲ್ಲ ಮೊದಲು ಪಕ್ಕದ ಸೀಟಿನಲ್ಲಿ ಯಾರಿದ್ದಾರೆಂದು ಬಗ್ಗಿ ನೋಡಿ, “ಸಾರ್ ಬಂದಿಲ್ವಾ ಮೇಡಂ?” ಎನ್ನುತ್ತಿದ್ದರು. “ಸಾರ್ ಹುಟ್ಟೇ ಇಲ್ಲ, ಸ್ಪ್ರಿಂಗ್ ತೋರ್ಸಿ” ಎನ್ನುತ್ತಿದ್ದೆ. ಕೊನೆಗೊಬ್ಬರು ಪೆಟ್ರೋಲ್ ಕಾರಿನದೇ ಸ್ಪ್ರಿಂಗ್ ತಂದು ಕಿಟಕಿಯಲ್ಲಿ ತೋರಿಸಿದರು. ಯಾವುದು ಯಾವ ಗಾಡಿಯದೆಂದು ಗೊತ್ತಾಗಲು ಸುರುಳಿಯ ಮೇಲೆ ಬಣ್ಣದ ಗುರುತು ಹಾಕಿರುತ್ತಾರೆಂದು ಅವರೇ ಹೇಳಿಕೊಟ್ಟರು. ಗಾಲಿಯ ಹಿಂದೆ ಬಗ್ಗಿ ನೋಡಿದರು, ಗುರುತು ನಮ್ಮ ಹಳೆಯದಕ್ಕೆ ಸರಿಯಾಗಿ ಹೊಂದಿತು.

“ಇದ್ ಹಾಕಿದ್ರೆ ಗಾಡಿ ಎಷ್ಟು ಎತ್ತರ ನಿಲ್ಲುತ್ತೆ?”

“ಹೊಸದ್ರಲ್ಲಿ ಎಷ್ಟಿತ್ತೋ ಅಷ್ಟೇ ಮೇಡಂ. ಹಳೇ ಸ್ಪ್ರಿಂಗ್ ಕೂತ್ಹೋಗಿರುತ್ತೆ, ಇದು ಎಬ್ಬಿಸಿ ನಿಲ್ಲಿಸುತ್ತೆ.”

ಹೊಸದರಲ್ಲಿ ಸೀಟು ಇಪ್ಪತ್ತೆರಡು ಇಂಚಿತ್ತು. ನನಗದು ಚೆನ್ನಾಗಿ ನೆನಪಿದೆ, ಅಳೆದೇ ಕೊಂಡವಳು ನಾನು. ಆಗ ನನಗೆ ನಲವತ್ತೆರಡು, ಎರಡಿಂಚು ಯಾವ ಲೆಕ್ಕ. ಹನ್ನೆರಡು ವರ್ಷದಲ್ಲಿ ಸ್ಪ್ರಿಂಗ್ ಒಂದಿಂಚು ಕುಸಿದಿತ್ತು, ನನ್ನ ಭುಜದ ಬಲವೂ ಅದರ ಜೊತೆಗೇ ಕುಸಿದಿತ್ತು. ಎರಡೂ ಸಮಸಮ ಇಳಿದದ್ದರಿಂದ ನನಗೆ ಗೊತ್ತೇ ಆಗಿರಲಿಲ್ಲ. ಪೂರ್ತಿ ಸರಿಯಾದ ಸ್ಪ್ರಿಂಗ್ ಕೈಗೆ ಸಿಕ್ಕರೂ ಅದು ನನಗೆ ಆಗುವಂತಿರಲಿಲ್ಲ. ಅಂಗಡಿಯವರು ಒಳಗೆ ಹೋದಮೇಲೆ ಸ್ಟೀರಿಂಗ್ ಹಿಡಿದುಕೊಂಡು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ, ಹೊಡೆದುಕೊಳ್ಳಲಿ ಎಂದು ಅತ್ತು ಮುಗಿಸಿಯೇ ಹೊರಟೆ.

“ಅದೇ ಹೊಸ ಸ್ಪ್ರಿಂಗ್ ತಂದು ಕೆಳಗಿನ ಅರ್ಧ ಸುತ್ತು ಕಟ್ ಮಾಡ್ಬಿಡ್ಲಾ?” ಎಂದ ಮೆಕ್ಯಾನಿಕ್. ಕತ್ತರಿಸಿದ ಸ್ಪ್ರಿಂಗ್ ಕೂರುವ ತಟ್ಟೆಯಿಂದ ಹೊರಗೆ ಹಾರಬಹುದೆಂದು ಅವನೇ ಹಿಂದೆ ಯಾವಾಗಲೋ ಹೇಳಿದ್ದ. ಬೇಡ ಎಂದೆ.

ಮುಂದಿನ ಭಾನುವಾರ ಸಹೋದ್ಯೋಗಿಯ ಮನೆಗೆಂದು ಮಡಿವಾಳಕ್ಕೆ ಹೊರಟವಳು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡೆ. ಪಕ್ಕದಲ್ಲಿ ಒಂದು ಕಾರು ಗುಡುಗುತ್ತಾ ಬಂದು ನಿಂತಿತು. ಎಷ್ಟು ತಗ್ಗೆಂದರೆ ಓಡಿಸುತ್ತಿದ್ದವನ ನೆತ್ತಿ ನನಗೆ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಅವನ ಸೈಲೆನ್ಸರಿಗೆ ಶಾಪ ಹಾಕುತ್ತಿದ್ದೆ. ಅವತ್ತು ಕಿಟಕಿ ಇಳಿಸಿ ಕೂಗಿದೆ: “ಇದನ್ನ ಇಷ್ಟು ತಗ್ಗು ಮಾಡಿದ್ದು ಯಾರಪ್ಪಾ?”

ಅವನು ಬೈಗುಳ ಕಾಯುತ್ತಿದ್ದವನು ಕಣ್ಣರಳಿಸಿದ. “ಬಿಟಿಎಂ ಸೆಕೆಂಡ್ ಸ್ಟೇಜಲ್ಲಿ ಆಂಟಿ. ಲೋವರಿಂಗ್ ಸ್ಪ್ರಿಂಗ್. ಸಖತ್ತಾಗ್ ಮಾಡ್ತಾರೆ.”

ಸಹೋದ್ಯೋಗಿಗೂ ಮನೆಗೂ ಫೋನ್ ಮಾಡಿ ಹೇಳಿ, ಅಂಗಡಿ ಹುಡುಕಿಕೊಂಡು ಅಲ್ಲಿಂದ ನೇರವಾಗಿ ಹೋದೆ. ನಡೆಸುತ್ತಿದ್ದವರು ಹುಬ್ಬಳ್ಳಿ ಕಡೆಯವರು, ಮೂವತ್ತೈದರ ಆಸುಪಾಸು. ರೇಸ್ ಹುಚ್ಚಿನ ಕಾರುಗಳ ನಡುವೆ ನನ್ನ ಬೂದು ಬಣ್ಣದ ಡಬ್ಬಿ ಬಂದು ನಿಂತಿತು.

“ಯಾರಿಗ್ರಿ ಮೇಡಂ, ಮಗಗೇನ್ರಿ?”

“ನನಗೆ.”

ಅವರು ನಗಲಿಲ್ಲ. ಕಿಟಕಿಯೊಳಗೆ ಕೈಯ ಬ್ರೇಕನ್ನು ನೋಡಿದರು, ಹಲಗೆಯನ್ನು ನೋಡಿದರು. “ನಿಮಗ ಎಷ್ಟು ಇಂಚ್ ಬೇಕ್ರಿ?” ಎಂದರು.

ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ನಾನು ಲೆಕ್ಕ ಹೇಳಿದೆ. ಅವರು ಒಂದು ಕಾಗದದ ಮೇಲೆ ಬರೆದುಕೊಂಡರು. ಅವರಲ್ಲಿದ್ದ ಸ್ಪ್ರಿಂಗ್ ಹೊಸ ಕಾರಿನ ಎತ್ತರಕ್ಕಿಂತ ಒಂದೂಕಾಲು ಇಂಚು ಕೆಳಗೆ ಕೂರಿಸುತ್ತದಂತೆ. ಹಾಗಾದರೆ ಇಪ್ಪತ್ತೂಮುಕ್ಕಾಲು, ನನ್ನ ಹಳೆಯ ಎತ್ತರಕ್ಕಿಂತ ಕಾಲು ಇಂಚು ಕಡಿಮೆಯೇ.

“ಆದ್ರ ಬರೀ ಸ್ಪ್ರಿಂಗ್ ಹಾಕಂಗಿಲ್ರಿ. ಸ್ಪ್ರಿಂಗ್ ಗಿಡ್ಡ, ಶಾಕ್ ಉದ್ದ ಆದ್ರ ಗಾಲಿ ಕೆಳಗ ಇಳದಾಗ ಸ್ಪ್ರಿಂಗ್ ಸಡ್ಲ ಆಗ್ತೈತಿ. ಶಾಕೂ ಗಿಡ್ಡಂದ ಬೇಕ್ರಿ, ನಿಮ್ಮ ಗಾಡಿ ತೂಕಕ್ಕ ಹೊಂದೂದು. ಜೋಡಿ ಕೂಡಬೇಕು ನೋಡ್ರಿ.”

ಒಂದು ಗಂಟೆ ಅವರು ಕ್ಯಾಟಲಾಗು ಮಗುಚಿ, ಅಳತೆ ಹೋಲಿಸಿ, ಇಬ್ಬರಿಗೆ ಫೋನ್ ಮಾಡಿ ಜೋಡಿ ಹುಡುಕಿದರು. ನನ್ನ ಜಾತಕವನ್ನು ಮನೆಯಲ್ಲಿ ಯಾರೂ ಇಷ್ಟು ಮುತುವರ್ಜಿಯಿಂದ ನೋಡಿರಲಿಲ್ಲ. ಕೊನೆಗೆ ಪೆನ್ನು ಕೆಳಗಿಟ್ಟು ಹೇಳಿದರು: “ಒಂದು ಮಾತ್ರ ಖರೇ ಹೇಳ್ತೀನ್ರಿ. ಗಾಡಿ ಬಿರುಸಾಗ್ತೈತಿ. ಹಂಪಿಗೆ ಹೊಟ್ಟಿ ಬಡೀತೈತಿ.”

“ಕುಣಿಯುತ್ತಾ?”

“ಕುಣಿಯಂಗಿಲ್ರಿ.”

“ಹಾಕಿ.”

ಮಾಲು ಬಂದಮೇಲೆ ಅವರೇ ಮನೆಯಿಂದ ಕಾರು ಒಯ್ದು, ಬುಧವಾರ ಕೆಲಸ ಮುಗಿಸಿ ತಂದುಕೊಟ್ಟರು. ಬೆಂಗಳೂರೆಲ್ಲ ಕಾರನ್ನು ಮೇಲಕ್ಕೆತ್ತಿಸಿಕೊಳ್ಳುತ್ತದೆ, ನಾನು ಇಳಿಸಿಕೊಂಡಿದ್ದೆ. ಸುದ್ದಿ ತಿಳಿದ ಬನಶಂಕರಿಯ ಮೆಕ್ಯಾನಿಕ್ “ಇದು ಮರ್ಯಾದಸ್ಥರ ಗಾಡಿ ಥರಾ ಕಾಣಲ್ಲ ಮೇಡಂ” ಎಂದು ನೊಂದುಕೊಂಡ. ಬಾಡಿಗೆಯ ಹುಡುಗರಿಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಗೌರವ ಬಂತು. ಈಗಲೂ ಪ್ರತಿ ಹಂಪನ್ನು ಓರೆಯಾಗಿ, ಆಮೆಯ ವೇಗದಲ್ಲಿ ದಾಟುತ್ತೇನೆ. ಒಮ್ಮೊಮ್ಮೆ ತಳ ಕರ್ ಎಂದು ಉಜ್ಜುತ್ತದೆ, ಹಿಂದಿನವರು ಬೊಬ್ಬೆ ಹಾಕುತ್ತಾರೆ. ಉಜ್ಜುವುದು ಕಾರಿನ ಹೊಟ್ಟೆ, ನನ್ನದಲ್ಲ.

ಆ ಗುರುವಾರ ಶಾಲೆಗೆ ರಜೆ. ನಾನು ಸೀರೆ ಉಟ್ಟು ಗೇಟಿನ ಹತ್ತಿರ ಬಂದೆ. ತಮ್ಮ ಹಿಂದೆಯೇ ಬಂದ, ಗೇಟಿನ ಜಗಳದ ನಂತರ ಅವನು ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ಹಲಗೆ ಹಾಕಿದೆ. ಒಂದು ಎಳೆತ, ಇನ್ನೊಂದು, ಮತ್ತೊಂದು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ, ಬಹಳ ಕಷ್ಟಪಟ್ಟೇ ಕಟ್ಟಿಕೊಂಡಿದ್ದ. ನಾನು ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡಮೇಲೆ ಕುರ್ಚಿ ಮಡಚಿ ತಾನೇ ಡಿಕ್ಕಿಗೆ ಹಾಕಿದ.

“ಎಲ್ಲಿಗೆ ಅಕ್ಕ?”

ಡ್ರೈವಿಂಗ್ ಕಲಿತ ದಿನದಿಂದ ಈ ಪ್ರಶ್ನೆಗೆ ನಾನು ತಪ್ಪದೆ ಉತ್ತರ ಕೊಟ್ಟಿದ್ದೆ. ಎಲ್ಲಿಗೆ, ಯಾವ ದಾರಿ, ಅಲ್ಲಿ ಯಾರಿರುತ್ತಾರೆ, ಎಷ್ಟು ಹೊತ್ತಿಗೆ ವಾಪಸ್.

“ಹೇಳಲ್ಲ” ಎಂದು ಹೇಳಿ ಹೊರಟೆ.

ಎಲ್ಲಿಗೆಂದು ನನಗೂ ಗೊತ್ತಿರಲಿಲ್ಲ. ಸುತ್ತಿ ಸುತ್ತಿ ಕೊನೆಗೆ ಮಡಿವಾಳ ಕೆರೆಯ ಪಕ್ಕದ ರಸ್ತೆಯಲ್ಲಿ, ಮರದ ನೆರಳಿನಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದೆ. ಫೋನ್ ಹೊಡೆದುಕೊಂಡಿತು, ತಮ್ಮನದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವನದೇ. ನನಗೆ ಐವತ್ನಾಲ್ಕು ವರ್ಷ. ನಾನು ಎಲ್ಲಿದ್ದೇನೆಂದು ಆ ಹೊತ್ತಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅಂಥ ಹೊತ್ತು ನನ್ನ ಜೀವನದಲ್ಲಿ ಅದೇ ಮೊದಲು. ಬಾಟಲಿ ತೆಗೆದು ಹೊಟ್ಟೆ ತುಂಬ ನೀರು ಕುಡಿದು, ಫೋನನ್ನು ಮಗುಚಿ ಪಕ್ಕದ ಸೀಟಿನ ಮೇಲಿಟ್ಟೆ.