ಬೆಳ್ಳಿ ಬಣ್ಣದ ಸ್ಟಾರ್ಟರ್

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮತ್ತಿಕೆರೆಯ ನಮ್ಮ ಬೀದಿಯಲ್ಲಿ ಇದ್ದದ್ದು ಒಂದೇ ಕಾರು, ಅದು ನಮ್ಮದು. ಮೂರು ಕೈ ದಾಟಿ ಬಂದ ಹಳೆಯ ಗಾಡಿ. ಓಡಿಸುವ ಹಕ್ಕು ನನ್ನ ಗಂಡನದು, ತಳ್ಳುವ ಹಕ್ಕು ಇಡೀ ಬೀದಿಯದು. ನಾವಿಬ್ಬರೂ ಹುಬ್ಬಳ್ಳಿಯ ಕಡೆಯಿಂದ ಬಂದವರು. ಅವರು ಯಶವಂತಪುರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಕಾರು ಕಲಿತೇ ಕಲಿಯುತ್ತೇನೆಂದು ಹಟ ಹಿಡಿದವಳು ನಾನೇ.

ಮೊದಲ ಸಲ ಲೈಸೆನ್ಸಿನ ಟೆಸ್ಟಿಗೆ ಹೋದಾಗ ಮೈದಾನದ ನಟ್ಟನಡುವೆ ಎಂಜಿನ್ ನಿಂತಿತು. ಎಂಜಿನ್ ತಿರುಗಿಸುವ ಸ್ಟಾರ್ಟರಿಗೆ ಆಗ ಇದ್ದದ್ದು ಎಳೆಯುವ ಗುಬುಟು, ಅದನ್ನು ಎಷ್ಟು ಎಳೆದರೂ ಒಳಗಿನಿಂದ ಉಸಿರಿಲ್ಲ. ಇನ್‌ಸ್ಪೆಕ್ಟರು ಕಿಟಕಿಯಲ್ಲಿ ಬಗ್ಗಿ, "ತಳ್ಳೋಕೆ ಜನ ಕರ್ಕೊಂಡ್ ಬಂದಿದೀರಾ ಮೇಡಂ?" ಎಂದರು. ಸಾಲಿನಲ್ಲಿ ನಿಂತಿದ್ದ ಗಂಡಸರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಗಾಡೀದು ಏನೂ ತಪ್ಪಿಲ್ಲ, ನೀ ಕ್ಲಚ್ ಬಿಡೂದ ಸರಿ ಇಲ್ಲ," ಎಂದರು ನನ್ನ ಗಂಡ. ತಪ್ಪು ತಮ್ಮದು ಎಂದು ಒಪ್ಪಿಕೊಳ್ಳುವುದು ಅವರ ಜಾಯಮಾನವೇ ಅಲ್ಲ. ಸಾರಿಗೆ ಉಪ್ಪು ಹೆಚ್ಚು ಹಾಕಿದರೂ ಅದು ಉಪ್ಪಿನ ತಪ್ಪೇ. ನನ್ನ ಎಲ್ ಬೋರ್ಡಿನ ಅವಧಿ ವಿಜಯದಶಮಿಯ ಮಾರನೆಯ ದಿನಕ್ಕೆ ಮುಗಿಯುವುದಿತ್ತು. ಎರಡನೆಯ ಟೆಸ್ಟೂ ಅಂದೇ. ಅದೂ ಹೋದರೆ ಈ ಹುಚ್ಚು ಸಾಕು ಎಂದು ಅವರು ಆಗಲೇ ಹೇಳಿಟ್ಟಿದ್ದರು.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ನಾನೇ ಗಾಡಿಯನ್ನು ತಳ್ಳಿಸಿಕೊಂಡು ನಮ್ಮ ಬೀದಿಯ ಕೊನೆಯ ರಿಪೇರಿ ಶೆಡ್ಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ಮುಂದಿನ ದೀಪ ಹಚ್ಚಿ, ನನಗೆ ಗುಬುಟು ಎಳೆಯಲು ಹೇಳಿದ. "ನೋಡಿ ಮೇಡಂ, ಲೈಟು ಒಂಚೂರೂ ಮಂಕಾಗ್ತಿಲ್ಲ. ಬ್ಯಾಟ್ರಿ ಗಟ್ಟಿಯಾಗೇ ಐತೆ, ಸ್ಟಾರ್ಟ್ರು ಕರೆಂಟೇ ಎಳ್ಕೊಳ್ತಿಲ್ಲ." ಸ್ಟಾರ್ಟರ್ ಬಿಚ್ಚಿದರೆ ಒಳಗೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ಷು ಸವೆದು ಬೆರಳುಗುರಿನಷ್ಟಾಗಿತ್ತು, ಅದು ಉಜ್ಜುವ ತಾಮ್ರ ಸುಟ್ಟು ಕರಿಯಾಗಿತ್ತು. ಅವನು ಎಲ್ಲಿಂದಲೋ ರಿಪೇರಿಯಾದ ಇನ್ನೊಂದು ಸ್ಟಾರ್ಟರ್ ತರಿಸಿ, ನೆಲದ ಮೇಲಿಟ್ಟು ಬ್ಯಾಟರಿಗೆ ತಾಗಿಸಿದ. ಅದು ಗುರ್ರೆಂದು ಜಿಗಿಯಿತು. ನನಗೂ ಜಿಗಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಗಂಡ ಬಂದು, "ಕೂಡಸೂದು ನಾನ ಕೂಡಸ್ತೇನಿ, ಆಯುಧ ಪೂಜಾಕ್ಕ ಹೆಂಗೂ ಗಾಡಿ ಸ್ವಚ್ಛ ಮಾಡಬೇಕು," ಎಂದು ಅದನ್ನು ಮನೆಗೆ ಹೊತ್ತು ತಂದರು. ಗಾಡಿಯನ್ನು ಮತ್ತೆ ಬೀದಿಯವರೇ ತಳ್ಳಿ ತಂದರು.

ಕಾರ್ಖಾನೆಯವರ ಆಯುಧ ಪೂಜೆಯೆಂದರೆ ಸುಮ್ಮನೆ ಕುಂಕುಮವಿಟ್ಟು ಕೈಮುಗಿಯುವುದಲ್ಲ. ಯಂತ್ರಗಳಿಗೆ ಸೀಮೆಎಣ್ಣೆಯ ಸ್ನಾನ, ಆಮೇಲೆ ಮೈತುಂಬ ಹೊಸ ಬಣ್ಣ. ಲೇತಿಗೆ ಮಾಡಿದ್ದನ್ನೇ ಅವರು ಕಾರಿಗೂ ಮಾಡಿದರು. ಎಂಜಿನ್ನಿಗೆ ಬೆಳ್ಳಿ ಬಣ್ಣ, ಸ್ಟಾರ್ಟರಿಗೆ ಬೆಳ್ಳಿ ಬಣ್ಣ, ಅದು ಕೂರುವ ಜಾಗಕ್ಕೂ ಬೆಳ್ಳಿ ಬಣ್ಣ. ಎಂಜಿನ್ನಿನಿಂದ ಗಾಡಿಯ ಮೈಗೆ ಜಡೆಯಂತೆ ಹೆಣೆದ ಒಂದು ತಾಮ್ರದ ಪಟ್ಟಿಯಿತ್ತು. ಅದನ್ನೂ ಬಿಚ್ಚಿ ಎರಡು ತುದಿಗೂ ಬಳಿದರು. ಒಣಗಿದ ಮೇಲೆ ಎಲ್ಲವನ್ನೂ ಬಿಗಿಯಾಗಿ ಕೂರಿಸಿದರು. ಬಾನೆಟ್ಟಿನೊಳಗೆ ಮದುವೆಮನೆಯ ಕಳೆ ಬಂತು.

ಪೂಜೆಯಾಯಿತು, ಕುಂಬಳಕಾಯಿ ಒಡೆದರು, ಚಕ್ರದಡಿ ನಿಂಬೆಹಣ್ಣು ಇಟ್ಟರು. ಮುಹೂರ್ತಕ್ಕೆ ನಾನೇ ಗುಬುಟು ಎಳೆದೆ. ಟಕ್ ಎಂದು ಒಂದು ಸದ್ದಷ್ಟೇ ಬಂತು. ಮತ್ತೆ ಎಳೆದೆ, ಬಲವಾಗಿ ಹಿಡಿದೇ ಇದ್ದೆ. ನಿಂಬೆಹಣ್ಣು ಇದ್ದಲ್ಲೇ ಇತ್ತು.

"ಆ ಮೇಸ್ತ್ರಿ ಟೋಪಿ ಹಾಕ್ಯಾನ," ಎಂದು ಗಂಡ ಕೂಗಾಡಿದರು. ಪಕ್ಕದ ಮನೆಯವರು, "ಬ್ಯಾಟ್ರಿ ಡೌನ್ ಕಣ್ರೀ," ಎಂದರು. ನಾನು ಮಾತ್ರ ಬೇರೆಯದೇ ಒಂದನ್ನು ಕಂಡಿದ್ದೆ. ಎಂಜಿನ್ ತಣ್ಣಗಿದೆಯೆಂದು ಎಳೆದಿಟ್ಟಿದ್ದ ಚೋಕಿನ ಗುಬುಟನ್ನು ಒಳಗೆ ತಳ್ಳಲು ಹೋದರೆ ಕೈ ಸುಟ್ಟಿತು. ದೋಸೆಯ ಕಾವಲಿ ಮುಟ್ಟಿದ ಹಾಗೆ! ಚೋಕಿಗೆ ಇರುವುದು ಎಳೆಯುವ ಒಂದು ತಂತಿ ಮಾತ್ರ, ಅದಕ್ಕೆ ಕರೆಂಟಿನ ಸಂಬಂಧವೇ ಇಲ್ಲ. ಹಾಗಿದ್ದೂ ಅದೇಕೆ ಕಾಯಬೇಕು?

ಅಡುಗೆಮನೆಯಲ್ಲಿ ಪಾಯಸ ಕಲಕುತ್ತಾ ಅದನ್ನೇ ಯೋಚಿಸಿದೆ. ಕರೆಂಟು ಹೋದ ಮೇಲೆ ಬ್ಯಾಟರಿಗೆ ವಾಪಸ್ ಬರಲೂ ದಾರಿ ಬೇಕೆಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಎಂಜಿನ್ ಕೂತಿರುವುದು ಕರೆಂಟು ಹಾಯದ ರಬ್ಬರಿನ ಮೇಲೆ. ಅಲ್ಲಿಂದ ಗಾಡಿಯ ಮೈಯ ಮೂಲಕ ವಾಪಸ್ ಬರುವ ದಾರಿ ಆ ತಾಮ್ರದ ಪಟ್ಟಿ, ಅದರ ಎರಡು ತುದಿಗೂ ನಮ್ಮ ಯಜಮಾನರು ಬಣ್ಣದ ಬಾಗಿಲು ಹಾಕಿದ್ದರು. ಪಾಪ, ಕರೆಂಟು ಬೇರೆ ದಾರಿ ಕಾಣದೆ, ಎಂಜಿನ್ನಿನಿಂದ ಗಾಡಿಯ ಮೈಗೆ ಬರುವ ಚೋಕಿನ ಸಣ್ಣ ತಂತಿಯಲ್ಲಿ ನುಗ್ಗಿತ್ತು.

ಹೇಳಿದೆ. "ನಿನ್ನ ಬೋರ್ಡಿನ ಪಾಠ ಇಲ್ಲಿ ನಡಿಯಂಗಿಲ್ಲ," ಎಂದರು. ಬಿಚ್ಚಿ ನೋಡೋಣವೆಂದರೆ ಸ್ಪ್ಯಾನರುಗಳೆಲ್ಲ ದೇವರ ಮುಂದೆ ಹೂ ಮುಡಿದು ಕೂತಿದ್ದವು. ಪೂಜೆಗಿಟ್ಟ ಹತ್ಯಾರವನ್ನು ಅವತ್ತು ಯಾರೂ ಮುಟ್ಟುವಂತಿರಲಿಲ್ಲ.

ಮಾರನೆಯ ಸಂಜೆ ಅವರು ಬನ್ನಿ ಕೊಡಲು ನಮ್ಮ ಕಡೆಯವರ ಮನೆಗಳಿಗೆ ಹೊರಟರು. ಅವರು ತಿರುವು ದಾಟಿದ್ದೇ ತಡ, ನಾನು ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ ಎತ್ತಿದೆ. ಪೂಜೆ ಮುಗಿದಿದ್ದ ಸ್ಪ್ಯಾನರು ಹಿಡಿದು ಬ್ಯಾಟರಿಯ ತಂತಿ, ಪಟ್ಟಿ, ಸ್ಟಾರ್ಟರ್ ಬಿಚ್ಚಿ, ಪಟ್ಟಿಯ ಎರಡು ತುದಿ, ಅದು ಕೂರುವ ಜಾಗ, ಸ್ಟಾರ್ಟರಿನ ಅಂಚು, ಎಲ್ಲವನ್ನೂ ತರಕಾರಿ ಚಾಕು ಮತ್ತು ಸ್ಯಾಂಡ್ ಪೇಪರಿನಿಂದ ಲೋಹ ಹೊಳೆಯುವವರೆಗೆ ಕೆರೆದೆ. ಮತ್ತೆ ಬಿಗಿದು, ಕುಂಕುಮವನ್ನೂ ಇಟ್ಟೆ. ಗುಬುಟು ಎಳೆದರೆ ಎಂಜಿನ್ ಒಂದೇ ಏಟಿಗೆ ಎದ್ದಿತು. ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಗಂಡನಿಗೆ ಏನೂ ಹೇಳಲಿಲ್ಲ.

ಬೆಳಿಗ್ಗೆ ಗಾಡಿ ಹೊರಟಾಗ ಸ್ಟೀರಿಂಗ್ ಹಿಡಿದಿದ್ದ ಅವರು ಸೀಟಿಗೆ ಒರಗಿ, "ನೋಡಿದಿ? ಬಣ್ಣ ಪೂರಾ ಒಣಗಬೇಕಾಗಿತ್ತು, ಅಷ್ಟ," ಎಂದರು. ನಾನು ರಸ್ತೆ ನೋಡಿದೆ.

ಮೈದಾನದಲ್ಲಿ ಅದೇ ಇನ್‌ಸ್ಪೆಕ್ಟರು. ಎಂಟು ಬರೆಸಿದರು, ಹಿಂದಕ್ಕೆ ಬಿಡಿಸಿದರು, ಬೇಕೆಂದೇ ಮೂರು ಸಲ ಎಂಜಿನ್ ಆಫ್ ಮಾಡಿಸಿ ಮತ್ತೆ ಸ್ಟಾರ್ಟ್ ಮಾಡಿಸಿದರು. ಮೂರು ಸಲವೂ ಗಾಡಿ ನನ್ನ ಮರ್ಯಾದೆ ಉಳಿಸಿತು. ಅವರಿಗೆ ಕುತೂಹಲ ತಡೆಯಲಾಗಲಿಲ್ಲ. "ಬಾನೆಟ್ ಎತ್ತಿ ನೋಡಣ," ಎಂದರು. ಎತ್ತಿದೆ. ನನ್ನ ಗಂಡನೂ ಬಂದು ಬಗ್ಗಿದರು.

"ಇದೇನ್ರೀ, ಇಷ್ಟ್ ಚೆನ್ನಾಗಿ ಬಣ್ಣ ಬಳ್ದು ಹಿಂಗ್ ಕೆರ್ದಿದೀರಾ?"

ಗಂಡ ಆ ಕೆರೆದ ಜಾಗಗಳನ್ನು ಒಂದೊಂದಾಗಿ ನೋಡಿದರು. ಪಟ್ಟಿಯ ತುದಿಯನ್ನು ಬೆರಳಿನಿಂದ ಸವರಿದರು. ಈಗ ಏನಾದರೂ ಕತೆ ಕಟ್ಟುತ್ತಾರೆ, ಎಲ್ಲವೂ ತಮ್ಮದೇ ಉಪಾಯವೆನ್ನುತ್ತಾರೆ ಎಂದು ನಾನು ಕಾದೆ.

"ಬಣ್ಣ ಬಳದಾಂವ ನಾನ್ರೀ," ಎಂದರು. "ಕೆರದು ಗಾಡಿ ಚಾಲೂ ಮಾಡಿದಾಕಿ ಇಕಿ."

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಅಂಥ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು, ಅದೂ ಅಷ್ಟು ಜನರೆದುರು. ನಗು ಬಂತು, ಕಣ್ಣೂ ತುಂಬಿತು. ಇನ್‌ಸ್ಪೆಕ್ಟರು ಸಹಿ ಹಾಕಿದ್ದು ಕೂಡ ನನಗೆ ಮಸುಕಾಗಿಯೇ ಕಂಡಿತು. ಹೊರಡುವಾಗ ನನ್ನ ಗಂಡ ಕೀಲಿಗಾಗಿ ಕೈಚಾಚಲಿಲ್ಲ. ಗಾಡಿಯನ್ನು ಸುತ್ತಿ ಹೋಗಿ, ಎಡಗಡೆಯ ಬಾಗಿಲು ತೆಗೆದು ಕೂತರು.