ಮೌನಪ್ರಾರ್ಥನೆಗೆ ತುತ್ತೂರಿ

ನಾಳೆ ಮೌನದ ಹೊತ್ತಿನಲ್ಲಿ ಮಗು ಕಿರುಚಿಬಿಟ್ಟರೆ? ಬೆಳಗಿನಿಂದ ಅವಳ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು. ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಸ್ಕ್ರೂ ಬಿಗಿ ಮಾಡುವಾಗಲೂ ಅದೇ ಯೋಚನೆ. ಗಿರಾಕಿಯೊಬ್ಬರ ಗಾಜುಗಳನ್ನು ಎಡಬಲ ಅದಲುಬದಲು ಮಾಡಿ ಕೂರಿಸಿ ಬೈಸಿಕೊಂಡಳು.

ರೈಲು ಸೇತುವೆ ಕುಸಿದು ನಾಳೆಗೆ ಮೂರು ವರ್ಷ. ದೇಶಕ್ಕೆ ದೇಶವೇ ಕೆಲಸ ಬಿಟ್ಟು ನಿಲ್ಲುವ ದಿನ. ಚರ್ಚಿನಲ್ಲಿ ಪಾದ್ರಿಗಳು ಸತ್ತವರ ಹೆಸರು ಓದುತ್ತಾರೆ, ಗಂಟೆ ಹೊಡೆಯುತ್ತಾರೆ. ಆಮೇಲೆ ಯಾರೂ ಕೆಮ್ಮುವುದೂ ಇಲ್ಲ. ಆ ಹೆಸರುಗಳಲ್ಲಿ ಅವಳ ಅಮ್ಮನದೂ ಒಂದು. ಕಳೆದ ವರ್ಷ ಸರಿಯಾಗಿ ಆ ಹೊತ್ತಿಗೇ ಕೈಗೂಸು ರಾಗ ತೆಗೆದಿತ್ತು. ಮುಂದಿನ ಬೆಂಚಿನಲ್ಲಿ, ಮಗನನ್ನು ಕಳೆದುಕೊಂಡ ಮುದುಕಿಯೊಬ್ಬರು ತಿರುಗಿ ನೋಡಿದ್ದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗುವನ್ನೆತ್ತಿಕೊಂಡು ಹೊರಗೋಡಿದವಳು ಅಮ್ಮನಿಗಾಗಿ ಒಂದು ಮಾತೂ ಪ್ರಾರ್ಥಿಸದೆ ಮನೆಗೆ ಬಂದಿದ್ದಳು. ಈಗಂತೂ ಮಗುವಿನ ಗಂಟಲು ಮನೆಮಂದಿಯೆಲ್ಲ "ತುತ್ತೂರಿ" ಎಂದು ಕರೆಯುವಷ್ಟು ಬೆಳೆದಿತ್ತು.

"ನನ್ನ ಹತ್ರ ಬಿಟ್ಟು ಹೋಗಿ ಅತ್ತಿಗೆ," ಎಂದಳು ನಾದಿನಿ, ಸಂಜೆ ಮನೆಯಲ್ಲಿ ಬಟ್ಟೆ ಮಡಚುತ್ತಾ.

"ಅಮ್ಮ ಇವಳನ್ನ ನೋಡ್ಲೇ ಇಲ್ಲ ಕಣೇ. ಅವರ ಹೆಸರು ಓದುವಾಗಲಾದ್ರೂ ಇವಳು ಅಲ್ಲಿರ್ಬೇಕು."

"ಹಾಗಾದ್ರೆ ಬಾಯಿಗೊಂದು ಬಿಸ್ಕತ್ತು ತುರುಕಿ. ದೇವರೇನೂ ಬೇಜಾರು ಮಾಡ್ಕೊಳ್ಳಲ್ಲ."

"ದೇವರಲ್ವೇ, ಜನ!"

"ನಿಮ್ಮಪ್ಪನ ಹೆಗಲ ಮೇಲಿದ್ರೆ ಅದು ಕಮಕ್ ಕಿಮಕ್ ಅನ್ನಲ್ಲ. ಅವರನ್ನೇ ಕರೀರಿ."

ಅವಳ ಮುಖ ಸಪ್ಪಗಾಯಿತು. ಅದು ಹೊಳೆಯದ ಮಾತೇನಲ್ಲ. ಅದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದಳು. ಒಂದು ಭಾನುವಾರವೂ ತಪ್ಪಿಸದಿದ್ದ ಅಪ್ಪ, ಅಮ್ಮನನ್ನು ಮಣ್ಣು ಮಾಡಿ ಬಂದ ದಿನದಿಂದ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಪಾದ್ರಿಗಳೇ ಬಂದು ಕರೆದಾಗ, "ನಿಮ್ಮ ದೇವರ ಹತ್ರ ನನಗೆ ಮಾತಿಲ್ಲ," ಎಂದು ಬಾಗಿಲು ಹಾಕಿಕೊಂಡಿದ್ದರು. ತಾನೂ ಕರೆದರೆ? ಮೊಮ್ಮಗಳನ್ನು ನೋಡಲು ಬರುವುದನ್ನೂ ನಿಲ್ಲಿಸಿಬಿಟ್ಟರೆ?

ಅಡುಗೆಮನೆಯ ಬಾಗಿಲಿಗೆ ಒರಗಿ, "ಸ್ವಾಮೀ, ನೀನೇ ನೋಡ್ಕೋ," ಎಂದು ಒಳಗೊಳಗೇ ಅಂದುಕೊಂಡು ಫೋನು ಒತ್ತಿದಳು.

"ಏನಮ್ಮಾ, ತುತ್ತೂರಿಗೆ ಜ್ವರಾನಾ?" ಅಪ್ಪನ ದನಿಯಲ್ಲಿ ಗಾಬರಿ.

"ಇಲ್ಲಪ್ಪ. ನಾಳೆ... ಚರ್ಚಿಗೆ ಬರ್ತೀರಾ?" ಅವರು ಏನಾದರೂ ಅನ್ನುವ ಮೊದಲೇ ಸೇರಿಸಿದಳು: "ಪ್ರಾರ್ಥನೆ ಮಾಡೋಕಲ್ಲ, ಅದನ್ನ ನಾನು ಮಾಡ್ತೀನಿ. ನೀವು ಮಗೂನ ಎತ್ಕೊಂಡು ನನ್ನ ಪಕ್ಕ ನಿಂತ್ಕೊಳ್ಳಿ, ಅಷ್ಟು ಸಾಕು."

ಫೋನು ಇಟ್ಟೇಬಿಟ್ಟರೇನೋ ಎಂದು ಅವಳು ಪರದೆ ನೋಡಿದಳು; ಕರೆ ಇನ್ನೂ ಇತ್ತು.

"ಬಾಗಿಲ ಹತ್ತಿರದ ಬೆಂಚಾದ್ರೆ ಬರ್ತೀನಿ," ಎಂದರು ಅಪ್ಪ ಕೊನೆಗೆ. "ಮಂಡಿ ಮಾತ್ರ ಊರೋದಿಲ್ಲ."

"ಬೇಡಪ್ಪ, ಊರ್ಬೇಡಿ," ಎಂದಳು.