ಸೋಡಾ ಬಯಲಿನ ಕಲ್ಲುಗಳು

ನೆವಾಡದ ನಮ್ಮೂರಿನಿಂದ ಪಶ್ಚಿಮಕ್ಕೆ ಹದಿನಾಲ್ಕು ಮೈಲಿ ಹೋದರೆ ಸೋಡಾ ಬಯಲು. ಅಲ್ಲಿ ಹೆದ್ದಾರಿಯ ಪಕ್ಕದಲ್ಲೇ ಎದೆಮಟ್ಟದ ಒಂದು ಕಲ್ಲುಕಂಬ. ಮೊದಲ ಎತ್ತಿನ ಗಾಡಿಗಳಲ್ಲಿ ಬಂದು ನೆಲೆಸಿದ ನಮ್ಮ ಹಿರಿಯರು ೧೮೬೧ರಲ್ಲಿ ಲೂಸಿಂಡಾ ಎಂಬ ಹನ್ನೊಂದು ದಿನದ ಕೂಸನ್ನು ಇಲ್ಲಿ ಮಣ್ಣು ಮಾಡಿದರೆಂದು ಅದರ ಕಂಚಿನ ಫಲಕ ಹೇಳುತ್ತದೆ. ಐವತ್ತೆರಡು ವರ್ಷ ಆ ಫಲಕವನ್ನು ಉಜ್ಜಿದವಳು ವೆಲ್ಡಾ ಅಜ್ಜಿ.

ಯಾರೂ ಅವಳಿಗೆ ಆ ಕೆಲಸ ಹೇಳಿರಲಿಲ್ಲ. ಅವಳು ಶಾಲೆಯ ಅಡುಗೆಮನೆಯಲ್ಲಿ ಬ್ರೆಡ್ಡು ಬೇಯಿಸುತ್ತಿದ್ದವಳು. ಗಂಡ ರೂಲನ್ ತೀರಿಕೊಂಡ ವಾರವೂ ವಿನಿಗರ್, ಉಪ್ಪು, ಹಳೇ ಬನಿಯನ್ನಿನ ಚೂರು ಹಿಡಿದು ಹೋಗಿದ್ದಳು. ಊರಿನವರು ಭಕ್ತಿ ಎಂದರು. ಊರು ಕಟ್ಟಿದ ಹಿರಿಯರ ನೆನಪಿನ ದಿನದ ಮೆರವಣಿಗೆಗೆ ಕರೆದಾಗೆಲ್ಲ ಅವಳಿಗೆ ಮಂಡಿನೋವು ಬರುತ್ತಿತ್ತು.

ಆ ಕೂಸಿನ ಅಣ್ಣನ ಮೊಮ್ಮಗ ಓರ್ಸನ್ ಪ್ರತಿ ಆಗಸ್ಟಿನಲ್ಲಿ ಡೇಲಿಯಾ ಹೂ ತಂದು ಕಂಬದ ಬುಡದಲ್ಲಿ ಮೊಣಕಾಲೂರಿ ಇಡುತ್ತಿದ್ದ.

"ಅಷ್ಟ್ ಉಜ್ಜಬೇಡ ಕಣೇ, ಅಕ್ಷರ ಎಲ್ಲಾ ಸವೆದೋಗುತ್ತೆ."

"ಸವೀಲಿ ಬಿಡು. ನಿನ್ ಹೆಸರೇನ್ ಇಲ್ವಲ್ಲ ಅದ್ರಲ್ಲಿ."

"ನಾನ್ ಸತ್ಮೇಲೆ ನೀನೇ ಒಂದ್ ಹಾಕ್ಸು. ಹೂ ತರ್ತಿದ್ದ, ಬೈಸ್ಕೊಳ್ತಿದ್ದ ಅಂತ."

ಅವಳು ನಗುತ್ತಿದ್ದಳು. ಅವನು ಮೊಣಕಾಲೂರಿದ ಕೂಡಲೇ ಮುಖ ಬೇರೆಡೆ ತಿರುಗಿಸುತ್ತಿದ್ದಳು.

ಹೋದ ವಸಂತದಲ್ಲಿ ಹೆದ್ದಾರಿ ಅಗಲ ಮಾಡುವ ಸುದ್ದಿ ಬಂತು. ಕಂಬವನ್ನು ಆಚೆ ಬದಿಗೆ ಸರಿಸಿ, ಅದರಡಿ ಅಗೆದು, ಸಿಕ್ಕ ಮೂಳೆಗಳನ್ನು ಊರಿನ ಸ್ಮಶಾನಕ್ಕೆ ತರುವುದೆಂದಾಯಿತು. ಗುರುವಾರ ಅಗೆಯುವವರು ಬರಲಿದ್ದರು. ಮಂಗಳವಾರ ವೆಲ್ಡಾ ಅಜ್ಜಿ ನನ್ನಿಂದ ಕಾರು ಓಡಿಸಿಕೊಂಡು ಓರ್ಸನ್ ಮನೆಗೆ ಹೋದಳು. ಅವನು ಅಡುಗೆಮನೆಯ ಮೇಜಿನ ಮೇಲೆ ಮೊಳದುದ್ದದ ಮರದ ಪೆಟ್ಟಿಗೆಗೆ ಎಣ್ಣೆ ಸವರುತ್ತಿದ್ದ.

"ಓರ್ಸನ್, ಅಲ್ಲಿ ಅಗೆದ್ರೆ ಏನೂ ಸಿಗಲ್ಲ."

"ನೂರಾ ಮೂವತ್ತ್ ವರ್ಷ ಆಯ್ತಲ್ಲ. ಅವಳ ಅಂಗಿಯ ಒಂದ್ ಗುಂಡಿ ಸಿಕ್ರೂ ಸಾಕು ನಂಗೆ."

"ಅದಲ್ಲ. ಅವಳು ಅಲ್ಲಿಲ್ಲ."

ಆಮೇಲೆ ಹೇಳಿದಳು. ಕಂಬ ನಿಲ್ಲಿಸುವಾಗ ಗೋರಿ ಎಲ್ಲಿದೆಯೆಂದು ಅದಕ್ಕಾಗಿ ಊರಿನವರು ಮಾಡಿದ್ದ ಸಮಿತಿಗೂ ಗೊತ್ತಿರಲಿಲ್ಲ. ಕಾರಿನವರಿಗೆ ಕಾಣಲೆಂದು ರಸ್ತೆ ಬದಿಯಲ್ಲಿ ಜಾಗ ಗುರುತು ಮಾಡಿದರು. ಕಟ್ಟಿದವನು ರೂಲನ್. ಹತ್ತೊಂಬತ್ತರ ಹೊಸ ಹೆಂಡತಿ ವೆಲ್ಡಾ ಲಾರಿ ತೆಗೆದುಕೊಂಡು ಕಲ್ಲಿಗೆ ಹೊರಟಳು. ಕಲ್ಲು ಸಿಗುವ ಗುಡ್ಡ ಒಂಬತ್ತು ಮೈಲಿ ದೂರ. ಆದರೆ ಐದೇ ನಿಮಿಷದಲ್ಲಿ, ರಸ್ತೆಯಿಂದ ಸ್ವಲ್ಪವೇ ಆಚೆ ಬಯಲಿನಲ್ಲೇ, ಮುಳ್ಳುಪೊದೆಗಳ ನಡುವೆ, ದುಂಡನೆಯ ಒಳ್ಳೇ ಕಲ್ಲುಗಳ ಗುಡ್ಡೆ ಸಿಕ್ಕಿತು. ಎರಡು ಸಲ ತುಂಬಿ ತಂದಳು. ರೂಲನ್ ಖುಷಿಯಿಂದ ಅವಳ ಬೆನ್ನು ತಟ್ಟಿದ.

ಫಲಕ ಹಾಕಿ ವಾರವಾದ ಮೇಲೆ, ಹಿಟ್ಟು ನಾದುತ್ತಿದ್ದಾಗ ಅವಳ ಕೈ ನಿಂತಿತು. ಉಪ್ಪು, ಮರಳು ಬಿಟ್ಟರೆ ಆ ಬಯಲಿನಲ್ಲಿ ಒಂದು ಕಲ್ಲೂ ಇಲ್ಲ. ಇದ್ದರೆ ಯಾರೋ ಹೊತ್ತು ತಂದದ್ದು. ನರಿಗಳು ಕೆದಕಬಾರದೆಂದು ಹಿರಿಯರು ದೂರದ ಹೊಳೆಯಿಂದ ಕಲ್ಲು ತಂದು ಗೋರಿಯ ಮೇಲೆ ಪೇರಿಸುತ್ತಿದ್ದ ಕತೆಯನ್ನು ಅವಳು ತೊಟ್ಟಿಲಿನಿಂದಲೇ ಕೇಳಿದ್ದಳು. ಆ ಗುಡ್ಡೆ ಇದ್ದ ಜಾಗ ಹುಡುಕಲು ಲಾರಿಯಲ್ಲಿ ಬಯಲಿಗೆ ಧಾವಿಸಿದಳು. ಲಾರಿಯ ಚಕ್ರದ ಗುರುತನ್ನು ಗಾಳಿ ಆಗಲೇ ಅಳಿಸಿತ್ತು.

"ರೂಲನ್‌ಗೆ ಗೊತ್ತಿತ್ತಾ?"

"ಹೇಳ್ಲಿಲ್ಲ. ಅವನಿಗೆ ಆ ಕಂಬ ಅಂದ್ರೆ ಪ್ರಾಣ."

ಓರ್ಸನ್ ಬಟ್ಟೆಯನ್ನು ಮಡಿಸಿಟ್ಟ. "ಐವತ್ತೆರಡ್ ವರ್ಷ ನಾನ್ ಮೊಣಕಾಲೂರೋದ್ನ ನೋಡ್ಕೊಂಡ್ ನಿಂತಿದ್ಯಲ್ಲೇ," ಎಂದ. ಬೈದಂತಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ಹಾಕಿ, "ತೋರ್ಸು ನಡಿ," ಎಂದ.

ಬಯಲಿನಲ್ಲಿ ಅಜ್ಜಿ ಎಡಕ್ಕೆ ನಡೆದಳು, ಬಲಕ್ಕೆ ನಡೆದಳು. "ಇಲ್ಲೇ... ಅಲ್ಲ, ಆ ಪೊದೆ ಹತ್ರ." ಎಲ್ಲ ಪೊದೆಯೂ ಒಂದೇ. ನಡುವೆ ರಸ್ತೆಯವರು ನೆಟ್ಟ ಗೂಟಗಳು, ಅವುಗಳ ತುದಿಯಲ್ಲಿ ಕಿತ್ತಳೆ ಪಟ್ಟಿ. ಹಿಂದೆ ಬರುತ್ತಿದ್ದ ಓರ್ಸನ್ ಥಟ್ಟನೆ ನಿಂತ. ಎತ್ತಿದ ಕಾಲನ್ನು ಮತ್ತೆ ತನ್ನದೇ ಹೆಜ್ಜೆಯ ಮೇಲೆ ಇಟ್ಟ.

"ನಾನಿನ್ನು ಮುಂದೆ ಬರಲ್ಲ ಕಣೇ. ಎಲ್ಲಿ ಅವಳ್ನ ತುಳೀತೀನೋ."

ಗುರುವಾರ ಕಂಬದಡಿ ಬರಿ ಮರಳು ಸಿಕ್ಕಿತು. ಅಕ್ಟೋಬರಿನಲ್ಲಿ ಆ ಗೂಟಗಳ ನಡುವೆ ಡಾಂಬರು ಬಿತ್ತು. ಈಗ ಡಾಕ್ಟರ ಬಳಿಗೆ ಹೋಗುವಾಗ ವೆಲ್ಡಾ ಅಜ್ಜಿ ಹಳೆಯ ಮಣ್ಣುದಾರಿಯಲ್ಲೇ ಕರೆದುಕೊಂಡು ಹೋಗೆನ್ನುತ್ತಾಳೆ. ಹನ್ನೊಂದು ಮೈಲಿ ಸುತ್ತು. ಯಾಕೆಂದು ನಾನು ಕೇಳುವುದಿಲ್ಲ.